ಎಂಟು ಸಾವಿರಕ್ಕೊಂದೋ, ಇಪ್ಪತ್ತು ಸಾವಿರಕ್ಕೊಂದೋ?

ದ್ವಿತೀಯ ಪಿಯುಸಿಯಲ್ಲಿ ಪರಮಾಣು ಪಾಠ ತೆಗೆದರೆ ಸಾಕು, ಯಾವುದಾದರೂ ಒಂದು ಬೆಂಚಿನಿಂದ ಈ ಪ್ರಶ್ನೆ ಬರುವುದು ಗ್ಯಾರಂಟಿ. "ಸಾರ್, ವಾಪಸ್ ಬರೋ ಆಲ್ಫಾ ಕಣ ಎಂಟು ಸಾವಿರಕ್ಕೆ ಒಂದು ಅಂತ ಟೆಕ್ಸ್ಟ್‌ಬುಕ್ಕಲ್ಲಿದೆ. ಗೈಡಲ್ಲಿ ನೋಡಿದ್ರೆ ಇಪ್ಪತ್ತು ಸಾವಿರಕ್ಕೆ ಒಂದು ಅಂತಿದೆ. ಸಿಇಟಿಲಿ ಬಂದ್ರೆ ಯಾವುದನ್ನ ಶೇಡ್ ಮಾಡೋದು?"

ಅವರ ಕಷ್ಟ ಅವರಿಗೆ. ಪಠ್ಯದಲ್ಲಿರುವುದನ್ನೇ ಶೇಡ್ ಮಾಡ್ರಪ್ಪಾ ಎಂದು ಹೇಳಿ ಮುಂದಕ್ಕೆ ಹೋಗಿಬಿಡಬಹುದು. ಸಿಲಬಸ್ ಬೇರೆ ಕುತ್ತಿಗೆಗೆ ಕೂತಿರುತ್ತದೆ. ಆದರೆ ತಮಾಷೆ ಏನೆಂದರೆ ಎರಡು ಸಂಖ್ಯೆಯೂ ಸರಿಯೇ. ರೇಡಿಯಂನಂಥ ವಸ್ತುಗಳಿಂದ ಚಿಮ್ಮುವ ಧನ ಆವೇಶದ ಆಲ್ಫಾ ಕಣಗಳನ್ನು ಲೋಹದ ರೇಕಿಗೆ ಹೊಡೆದು, ಎಷ್ಟು ತಿರುಗಿ ಬರುತ್ತವೆ ಎಂದು ಎಣಿಸಿದ ಪ್ರಯೋಗ ಇದು. ಎರಡೂ ರದರ್‌ಫರ್ಡ್ ಅವರ ಒಂದೇ ಲ್ಯಾಬಿನಿಂದ, ಗೈಗರ್ ಮತ್ತು ಮಾರ್ಸ್‌ಡೆನ್ ಎಂಬ ಒಂದೇ ಜೋಡಿಯ ಕೈಯಿಂದ ಬಂದವು. ಎಂಟು ಸಾವಿರಕ್ಕೆ ಒಂದು ಎನ್ನುವುದು 1909ರ ಲೆಕ್ಕ, ಅದೂ ಪ್ಲಾಟಿನಂ ತಗಡಿನ ಮೇಲೆ ಬಿದ್ದು ಹಿಂದಿರುಗಿದ ಕಣಗಳದ್ದು. ಚಿನ್ನದ್ದಲ್ಲ. ಇಪ್ಪತ್ತು ಸಾವಿರಕ್ಕೆ ಒಂದು ಎನ್ನುವುದು ಚಿನ್ನದ ರೇಕಿನದು. ಸುಮಾರು 0.00004 ಸೆಂಟಿಮೀಟರ್ ದಪ್ಪದ ರೇಕನ್ನು ಹಾಯುವಾಗ ಸರಾಸರಿ 90 ಡಿಗ್ರಿಯಷ್ಟು ತಿರುಗಿಬಿಟ್ಟ ಕಣಗಳ ಪ್ರಮಾಣ ಅದು. ರದರ್‌ಫರ್ಡ್ ತಮ್ಮ 1911ರ ಪ್ರಬಂಧದಲ್ಲಿ ಎತ್ತಿ ಹೇಳಿದ್ದು ಈ ಎರಡನೆಯದನ್ನು. ಆಮೇಲೆ ಬಂದ ಪುಸ್ತಕಗಳು ಪ್ಲಾಟಿನಂನ ಸಂಖ್ಯೆಯನ್ನು ಚಿನ್ನದ ಚಿತ್ರದ ಕೆಳಗೆ ಅಂಟಿಸಿಬಿಟ್ಟವು.

ಇದು ಸಣ್ಣ ವಿಷಯ. ಇದರ ಬೆನ್ನಿಗೇ ಇರುವ ಇನ್ನೊಂದು ನನ್ನನ್ನು ಹೆಚ್ಚು ಕಾಡುತ್ತದೆ. ನಾವು ಈ ಪ್ರಯೋಗವನ್ನು ಒಂದು ಮಧ್ಯಾಹ್ನದ ಚಮತ್ಕಾರದಂತೆ ಪಾಠ ಮಾಡುತ್ತೇವೆ. ಆಲ್ಫಾ ಕಣ ಹೊಡೆದರು, ಕೆಲವು ವಾಪಸ್ ಬಂದವು, ಆದ್ದರಿಂದ ಮಧ್ಯದಲ್ಲಿ ನ್ಯೂಕ್ಲಿಯಸ್ ಇದೆ, ಮೂರು ಮಾರ್ಕು. ಹಾಗಿದ್ದರೆ 1909ರಲ್ಲಿ ವಾಪಸ್ ಬಂದದ್ದನ್ನು ಕಂಡವರು 1911ರವರೆಗೆ ಏನು ಮಾಡುತ್ತಿದ್ದರು? 1911ರಲ್ಲಿ ಹೇಳಿದ ಮೇಲೂ 1913ರವರೆಗೆ ಕತ್ತಲಲ್ಲಿ ಕೂತು ಲಕ್ಷಗಟ್ಟಲೆ ಎಣಿಸಿದ್ದು ಯಾಕೆ? ನನ್ನ ಪ್ರಕಾರ ಪರಮಾಣುವಿನ ಗುಟ್ಟು ಸಿಕ್ಕಿದ್ದು ವಾಪಸ್ ಬಂದ ಕಣದಿಂದಲ್ಲ, ಯಾವ ಕೋನಕ್ಕೆ ಎಷ್ಟು ಬಂದವು ಎಂಬ ಪಟ್ಟಿಯಿಂದ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1907ರಲ್ಲಿ ಅರ್ನೆಸ್ಟ್ ರದರ್‌ಫರ್ಡ್ ಕೆನಡಾದ ಮಾಂಟ್ರಿಯಲ್ ಬಿಟ್ಟು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಪ್ರೊಫೆಸರಾಗಿ ಬಂದರು. ಹುಟ್ಟಿದ್ದು ನ್ಯೂಜಿಲೆಂಡಿನ ಹಳ್ಳಿಗಾಡಿನಲ್ಲಿ. ಮ್ಯಾಂಚೆಸ್ಟರಿನಲ್ಲಿ ಅವರಿಗೆ ಕುರ್ಚಿ ಬಿಟ್ಟುಕೊಟ್ಟ ಆರ್ಥರ್ ಶುಸ್ಟರ್, ಒಳ್ಳೆಯ ಲ್ಯಾಬಿನ ಜೊತೆಗೆ ಹಾನ್ಸ್ ಗೈಗರ್ ಎಂಬ ಜರ್ಮನ್ ಯುವಕನನ್ನೂ ಬಿಟ್ಟುಹೋಗಿದ್ದರು. ರದರ್‌ಫರ್ಡ್‌ಗೆ ಆಲ್ಫಾ ಕಣ ಎಂದರೆ ಪ್ರಾಣ. ಮಾಂಟ್ರಿಯಲಿನಲ್ಲಿದ್ದಾಗಲೇ, ಅಭ್ರಕದ ತೆಳು ಹಾಳೆ ಅಡ್ಡ ಇಟ್ಟರೆ ಫೋಟೋ ಪ್ಲೇಟಿನ ಮೇಲೆ ಆಲ್ಫಾ ಗೆರೆಯ ಅಂಚು ಮಸುಕಾಗುವುದನ್ನು ಗಮನಿಸಿದ್ದರು. ಕಣಗಳು ಒಂದೆರಡು ಡಿಗ್ರಿ ಬಾಗುತ್ತಿದ್ದವು. ಒಂದೆರಡು ಡಿಗ್ರಿ ತಾನೇ ಎಂದು ನಮಗೆ ಅನಿಸಬಹುದು. ಆದರೆ ಎಲೆಕ್ಟ್ರಾನಿಗಿಂತ ಏಳು ಸಾವಿರ ಪಟ್ಟಿಗೂ ಹೆಚ್ಚು ಭಾರದ, ಸೆಕೆಂಡಿಗೆ ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ವೇಗದ ಕಣವನ್ನು ಅಷ್ಟು ಬಾಗಿಸಬೇಕಾದರೆ ಎಂಥ ವಿದ್ಯುತ್ ಕ್ಷೇತ್ರ ಬೇಕು ಎಂದು ಅವರು ಆಗಲೇ ಲೆಕ್ಕ ಹಾಕಿ ಬೆರಗಾಗಿದ್ದರು.

ಆ ಕಾಲಕ್ಕೆ ಚಾಲ್ತಿಯಲ್ಲಿದ್ದದ್ದು ಜೆ.ಜೆ. ಥಾಮ್ಸನ್ನರ 1904ರ ಪರಮಾಣು. ಧನ ಆವೇಶ ಪರಮಾಣುವಿನ ಉದ್ದಗಲಕ್ಕೂ ಹರಡಿಕೊಂಡಿದೆ, ಎಲೆಕ್ಟ್ರಾನುಗಳು ಅದರೊಳಗೆ ಹುದುಗಿವೆ. ಅಂಥ ಪರಮಾಣುವಿನೊಳಗೆ ಆಲ್ಫಾ ಕಣವನ್ನು ಜೋರಾಗಿ ದೂಡುವಂಥದ್ದು ಏನೂ ಇಲ್ಲ. ಚೂರು ಅತ್ತ, ಚೂರು ಇತ್ತ, ಅಷ್ಟೇ.

ಎಣಿಸುವ ವಿಧಾನ ಹೀಗೆ. ಸತುವಿನ ಸಲ್ಫೈಡ್ ಬಳಿದ ಪರದೆಗೆ ಒಂದು ಆಲ್ಫಾ ಕಣ ಬಡಿದರೆ ಆ ಜಾಗದಲ್ಲಿ ಕಣ್ಣಿಗೆ ಕಂಡೂ ಕಾಣದ ಒಂದು ಮಿಣುಕು. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಎಣಿಸಬೇಕು. ಕೂರುವ ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಣ್ಣು ಪಳಗಿಸಬೇಕು. ಮಿಣುಕು ತೀರಾ ಹೆಚ್ಚಾದರೆ ಎಣಿಕೆ ತಪ್ಪುತ್ತದೆ, ತೀರಾ ಕಡಿಮೆಯಾದರೆ ಕಣ್ಣೇ ಇಲ್ಲದ ಮಿಣುಕನ್ನು ಹುಟ್ಟಿಸುತ್ತದೆ. ರದರ್‌ಫರ್ಡ್‌ಗೆ ಈ ಕೆಲಸ ಒಗ್ಗಲಿಲ್ಲ. ಗೆಳೆಯರೊಬ್ಬರಿಗೆ ಬರೆದ ಕಾಗದದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ: ಗೈಗರ್ ಈ ವಿಷಯದಲ್ಲಿ ರಾಕ್ಷಸ, ಬಿಟ್ಟು ಬಿಟ್ಟು ಇಡೀ ರಾತ್ರಿ ಎಣಿಸಿದರೂ ಮುಖ ಗಂಟಿಕ್ಕುವುದಿಲ್ಲ; ನಾನಾದರೆ ಎರಡು ನಿಮಿಷಕ್ಕೆ ಬಾಯಿಗೆ ಬಂದಂತೆ ಬೈದು ಎದ್ದುಬಂದೆ. ನೊಬೆಲ್ ಬಂದ ಮನುಷ್ಯ. 1908ರಲ್ಲಿ, ಅದೂ ರಸಾಯನಶಾಸ್ತ್ರಕ್ಕೆ.

ಗೈಗರ್ ಎಣಿಸುವವನು ಮಾತ್ರ ಅಲ್ಲ, ಎಣಿಕೆಯನ್ನೇ ಅನುಮಾನಿಸಿದವನು. ಆಲ್ಫಾ ಕಣಗಳು ಒಂದೇ ಲಯದಲ್ಲಿ ಬರುವುದಿಲ್ಲ. ಒಮ್ಮೆ ಗುಂಪಾಗಿ, ಒಮ್ಮೆ ಬಿಡಿಬಿಡಿಯಾಗಿ. ಈ ಏರಿಳಿತ ಬರೀ ಆಕಸ್ಮಿಕವೋ, ಅಥವಾ ಬೇರೇನಾದರೂ ಇದೆಯೋ? 1910ರಲ್ಲಿ ಅವನು ಮತ್ತು ರದರ್‌ಫರ್ಡ್ ಎಂಟನೇ ಒಂದು ನಿಮಿಷದ 2,608 ಅವಧಿಗಳಲ್ಲಿ ಒಟ್ಟು 10,097 ಕಣಗಳನ್ನು ದಾಖಲಿಸಿ, ಅದು ಶುದ್ಧ ಆಕಸ್ಮಿಕವೇ ಎಂದು ತೋರಿಸಿದರು. ನಮ್ಮ ಎಂಎಸ್ಸಿ ಲ್ಯಾಬಿನಲ್ಲಿ ಪಾಯ್ಸನ್ ಹಂಚಿಕೆಯ (ಇಂಥ ಆಕಸ್ಮಿಕ ಏರಿಳಿತದ ಲೆಕ್ಕ) ಪ್ರಯೋಗ ಮಾಡಿದವರಿಗೆ ಅದರ ಬೇಜಾರು ಗೊತ್ತು. ನಮಗಾದರೆ ಯಂತ್ರ ಟಿಕ್ ಟಿಕ್ ಅನ್ನುತ್ತದೆ, ನಾವು ಅಂಕಿ ಬರೆದುಕೊಳ್ಳುತ್ತೇವೆ. ಆ ಯಂತ್ರಕ್ಕೂ ಗೈಗರನದೇ ಹೆಸರು. 1928ರಲ್ಲಿ ವಾಲ್ಟರ್ ಮ್ಯುಲ್ಲರ್ ಜೊತೆ ಸೇರಿ ಅದನ್ನು ಪಕ್ಕಾ ಮಾಡಿದ. ಕತ್ತಲ ಕೋಣೆಯ ಕಾಟ ಅನುಭವಿಸಿದವನಿಗಲ್ಲದೆ ಬೇರೆ ಯಾರಿಗೆ ಅದರ ಅಗತ್ಯ ಅಷ್ಟು ಗೊತ್ತಿರಲು ಸಾಧ್ಯ?

1909ರಲ್ಲಿ ಗೈಗರ್ ರದರ್‌ಫರ್ಡ್ ಬಳಿ ಹೋಗಿ, ಈ ಹುಡುಗ ಮಾರ್ಸ್‌ಡೆನ್‌ಗೆ ಒಂದು ಚಿಕ್ಕ ಸಂಶೋಧನೆ ಕೊಡಬಹುದಲ್ಲವೇ ಎಂದು ಕೇಳಿದ. ಅರ್ನೆಸ್ಟ್ ಮಾರ್ಸ್‌ಡೆನ್ ಆಗಿನ್ನೂ ಇಪ್ಪತ್ತರ ಆಸುಪಾಸಿನ ಡಿಗ್ರಿ ವಿದ್ಯಾರ್ಥಿ. ಯಾವುದಾದರೂ ಆಲ್ಫಾ ಕಣ ದೊಡ್ಡ ಕೋನಕ್ಕೆ ಚದುರುತ್ತದೆಯೇ ನೋಡಲಿ ಎಂದರು ರದರ್‌ಫರ್ಡ್. ಚದುರುತ್ತದೆಂದು ತಮಗೇ ನಂಬಿಕೆ ಇರಲಿಲ್ಲ ಎಂದು ಆಮೇಲೆ ಹೇಳಿಕೊಂಡಿದ್ದಾರೆ. ಸೋಲಲೆಂದೇ ಕೊಟ್ಟ ಪ್ರಾಜೆಕ್ಟ್ ಎನ್ನಿ. ಕೆಲವೇ ದಿನಗಳಲ್ಲಿ ಕಣಗಳು ಹಿಂದಕ್ಕೆ ಬರುತ್ತಿವೆ ಎಂಬ ಸುದ್ದಿ ಬಂತು. ಸೀಸ, ಚಿನ್ನ, ಪ್ಲಾಟಿನಂ, ತವರ, ಬೆಳ್ಳಿ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಲ್ಲದರಿಂದಲೂ ಬಂದವು. ಭಾರದ ಲೋಹದಿಂದ ಹೆಚ್ಚು. ಹದಿನೈದು ಅಂಗುಲದ ಫಿರಂಗಿ ಗುಂಡನ್ನು ಟಿಶ್ಯೂ ಕಾಗದಕ್ಕೆ ಹೊಡೆದರೆ ಅದು ತಿರುಗಿ ಬಂದು ನಮಗೇ ಬಡಿದ ಹಾಗೆ ಎಂಬ ಮಾತನ್ನು ನೀವೂ ಓದಿರುತ್ತೀರಿ. ರದರ್‌ಫರ್ಡ್ ಅದನ್ನು ಹೇಳಿದ್ದು ಆಗ ಅಲ್ಲ, ಕಾಲು ಶತಮಾನ ಕಳೆದ ಮೇಲೆ, ಕೇಂಬ್ರಿಡ್ಜಿನ ಒಂದು ಉಪನ್ಯಾಸದಲ್ಲಿ. 1909ರ ಪ್ರಬಂಧದಲ್ಲಿ ಅಂಥ ಉದ್ಗಾರ ಏನೂ ಇಲ್ಲ. ನ್ಯೂಕ್ಲಿಯಸ್ಸೂ ಇಲ್ಲ.

ಯಾಕೆಂದರೆ ವಾಪಸ್ ಬಂದದ್ದನ್ನು ಬೇರೆ ರೀತಿಯೂ ವಿವರಿಸಬಹುದಿತ್ತು. ಥಾಮ್ಸನ್ನರ ಪರಮಾಣುವಿನಲ್ಲೇ ಒಂದಾದ ಮೇಲೊಂದರಂತೆ ಸಾವಿರಾರು ಚಿಕ್ಕ ತಳ್ಳಾಟಗಳು ಸೇರಿ ಕಣವನ್ನು ಹಿಂದಕ್ಕೆ ತಿರುಗಿಸಿರಬಾರದೇಕೆ? ಇದು ಸುಮ್ಮನೆ ಎತ್ತುವ ತಕರಾರಲ್ಲ. ಅದನ್ನು ಅಲ್ಲಗಳೆಯಲು ಸಂಭಾವ್ಯತೆಯ ಲೆಕ್ಕವೇ ಬೇಕಾಯಿತು. ಮೇಲೆ ಹೇಳಿದ ಚಿನ್ನದ ರೇಕನ್ನು ದಾಟುವ ಕಣ ಬಾಗುವ ಅತಿ ಸಂಭವನೀಯ ಕೋನ 0.87 ಡಿಗ್ರಿ. ಅಡ್ಡಾದಿಡ್ಡಿ ಚಿಕ್ಕ ತಳ್ಳಾಟಗಳೆಲ್ಲ ಒಂದೇ ಕಡೆಗೆ ಕೂಡಿಕೊಂಡು 90 ಡಿಗ್ರಿ ಆಗುವ ಸಾಧ್ಯತೆ ಎಷ್ಟು ಎಂದು ಹಾಕಿದರೆ ಅದು ಇಲ್ಲವೆನ್ನುವಷ್ಟು ಕಡಿಮೆ. ಇಪ್ಪತ್ತು ಸಾವಿರಕ್ಕೊಂದು ಎಲ್ಲಿ, ಅದೆಲ್ಲಿ! ಅಲ್ಲಿಗೆ ಒಂದೇ ಡಿಕ್ಕಿ, ಒಂದೇ ಪರಮಾಣು ಈ ಕೆಲಸ ಮಾಡಿರಬೇಕು. ಒಂದೇ ಡಿಕ್ಕಿಯಲ್ಲಿ ಆಗಬೇಕಾದರೆ ಆವೇಶವೆಲ್ಲ ಅತಿ ಚಿಕ್ಕ ಜಾಗದಲ್ಲಿ ಒಟ್ಟಾಗಿರಬೇಕು.

1910ರ ಡಿಸೆಂಬರಿನಲ್ಲಿ ರದರ್‌ಫರ್ಡ್ ಗೈಗರನ ಕೋಣೆಗೆ ಬಂದು, ಪರಮಾಣು ಹೇಗಿದೆಯೆಂದು ತನಗೆ ಈಗ ಗೊತ್ತಾಯಿತು ಎಂದರಂತೆ. 1911ರ ಮಾರ್ಚ್ 7ರಂದು ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಸಭೆಯಲ್ಲಿ ವಿಷಯ ಮಂಡಿಸಿದರು. ಅದೇ ಸಭೆಯಲ್ಲಿ ಹಣ್ಣಿನ ವ್ಯಾಪಾರಿಯೊಬ್ಬರು ಜಮೈಕಾದಿಂದ ಬಂದ ಬಾಳೆಗೊನೆಗಳ ನಡುವೆ ಸಿಕ್ಕ ಅಪರೂಪದ ಹಾವೊಂದನ್ನು ತಂದು ತೋರಿಸಿದರು. ಆ ದಿನ ಮನೆಗೆ ಹೋದವರಲ್ಲಿ ಎಷ್ಟು ಜನ ಹಾವಿನ ಸುದ್ದಿ ಹೇಳಿದರೋ, ಎಷ್ಟು ಜನ ಪರಮಾಣುವಿನ ಸುದ್ದಿ ಹೇಳಿದರೋ.

ಈಗ ನಮ್ಮ ಊರಿನ ಗುಡ್ಡದ ವಿಷಯಕ್ಕೆ ಬರುತ್ತೇನೆ.

ನಾನು ಪಾಠ ಮಾಡುವುದು ಚನ್ನಪಟ್ಟಣದಲ್ಲಿ. ಗೊಂಬೆ ಕಟೆಯುವವರ ಊರು. ಮಕ್ಕಳಿಗೆ ಈ ಚದುರಿಕೆಯನ್ನು ಬೋರ್ಡಿನ ಮೇಲೆ ಗೆರೆ ಎಳೆದು ಎಷ್ಟು ತೋರಿಸಿದರೂ ಅವರು ಬಿಡಿಸುವ ಚಿತ್ರದಲ್ಲಿ ಆಲ್ಫಾ ಕಣ ನೇರ ಹೋಗಿ ನ್ಯೂಕ್ಲಿಯಸ್ಸಿಗೆ ಢಿಕ್ಕಿ ಹೊಡೆದೇ ತಿರುಗುತ್ತದೆ, ಕೇರಂ ಕಾಯಿನಿನ ಥರ. ಅದು ಮುಟ್ಟುವುದೇ ಇಲ್ಲ ಕಣ್ರೋ, ದೂರದಿಂದಲೇ ದೂಡಿಸಿಕೊಂಡು ವಾಪಸ್ ಬರುತ್ತದೆ ಎಂದರೆ ತಲೆಯಾಡಿಸುತ್ತಾರೆ, ಪರೀಕ್ಷೆಯಲ್ಲಿ ಮತ್ತದೇ ಚಿತ್ರ. ಅದಕ್ಕೆ ಒಂದು ಮರದ ಗುಡ್ಡ ಮಾಡಿಸೋಣ ಎನ್ನಿಸಿತು. ವಿದ್ಯುತ್ ವಿಕರ್ಷಣೆಯ ಶಕ್ತಿ ದೂರಕ್ಕೆ ವಿಲೋಮವಾಗಿ ಏರುತ್ತದೆ: ದೂರ ಅರ್ಧವಾದರೆ ಶಕ್ತಿ ಎರಡರಷ್ಟು. ಗುಡ್ಡದ ಎತ್ತರವೂ ಹಾಗೇ ಏರಿದರೆ ಸಾಕು. ಅದರ ಮೇಲೆ ಉರುಳುವ ಗುಂಡು ಆಲ್ಫಾ ಕಣ ಹೇಗೆ ಬಾಗುತ್ತದೋ ಹೆಚ್ಚುಕಡಿಮೆ ಹಾಗೇ ಬಾಗುತ್ತದೆ. ನಾನು ರಟ್ಟಿನಲ್ಲಿ ಅಚ್ಚು ಕತ್ತರಿಸಿದೆ. ನಡುವಿನಿಂದ ದೂರವನ್ನೂ ಅಲ್ಲಿನ ಎತ್ತರವನ್ನೂ ಗುಣಿಸಿದರೆ ಎಲ್ಲಿ ನೋಡಿದರೂ 12. ಅಂದರೆ 12 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ಎತ್ತರ, 6ರಲ್ಲಿ 2, 4ರಲ್ಲಿ 3, 3ರಲ್ಲಿ 4, 2ರಲ್ಲಿ 6.

ಲೇತ್ ಇಟ್ಟುಕೊಂಡಿರುವ ಪರಿಚಯದ ಭಾಯ್ ಒಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅಚ್ಚನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವುದರ ಮುಚ್ಚಳ ಸಾರ್?" ಎಂದರು.

"ಮುಚ್ಚಳ ಅಲ್ಲ ಭಾಯ್, ಗುಡ್ಡ. ಇದರ ಮೇಲೆ ಗುಂಡು ಉರುಳಿಸಬೇಕು."

"ನಿಲ್ಲಲ್ಲವಲ್ಲ ಸಾರ್, ಜಾರಿ ಹೋಗುತ್ತೆ."

"ಜಾರಿ ಹೋಗಲಿ ಅಂತಲೇ."

ಅವರು ನನ್ನ ಮುಖ ನೋಡಿದರು. ಇಷ್ಟು ಅಗಲಕ್ಕೆ ಆಲೆ ಮರ ಎಲ್ಲಿಂದ ತರೋದು, ರಬ್ಬರ್ ಮರದ ಹಲಗೆ ಅಂಟಿಸಿ ಕೊಡ್ತೀನಿ ಎಂದರು. ತುದಿ ಮಾತ್ರ ನೀವು ಹೇಳಿದಷ್ಟು ಚೂಪಾಗಿ ಬರಲ್ಲ, ಉಳಿ ತಾಗಿದ್ರೆ ಮುರಿದು ಹೋಗುತ್ತೆ ಅಂತ 8 ಸೆಂ.ಮೀ. ಎತ್ತರಕ್ಕೆ ಚಪ್ಪಟೆ ಮಾಡಿ ನಿಲ್ಲಿಸಿದರು. ಈ ಚಪ್ಪಟೆ ತುದಿಯನ್ನು ನೆನಪಿಟ್ಟುಕೊಳ್ಳಿ. ನಾನು ಕೇಳದಿದ್ದರೂ ಬಣ್ಣ ಹಾಕದೆ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಲೇತ್ ತಿರುಗುತ್ತಿದ್ದ ಹಾಗೇ ಅರಗಿನ ಕಡ್ಡಿ ಒತ್ತಿದರು. ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯಿತು. ಒಣಗರಿ ಒತ್ತಿ ಹೊಳಪು ಕೊಟ್ಟರು. ಕೆಂಪು, ಹಳದಿ, ಕೆಂಪು, ಹಳದಿ. ಅಚ್ಚಿನ ಮೇಲೆ ನಾನು ಸೆಂಟಿಮೀಟರ್ ಗುರುತು ಹಾಕಿದ್ದ ಎತ್ತರಗಳಲ್ಲೇ ಬಣ್ಣ ಬದಲಾಯಿಸಿದ್ದರು. ಸಮಾನ ವಿಭವದ ರೇಖೆ (ಶಕ್ತಿ ಒಂದೇ ಇರುವ ಜಾಗಗಳನ್ನು ಕೂಡಿಸುವ ಗೆರೆ) ಎಂದು ನಾನು ಪಾಠ ಮಾಡುವುದು ಅವರ ಕೈಯಲ್ಲಿ ತಾನೇ ತಾನಾಗಿ ಬಂದುಬಿಟ್ಟಿತ್ತು.

ಗುಡ್ಡದ ಅಂಚಿನ 1 ಸೆಂ.ಮೀ. ದಪ್ಪವನ್ನು ಪ್ಲೈವುಡ್ಡಿನಲ್ಲಿ ತೂತು ಕೊರೆದು ಹುದುಗಿಸಿದೆವು, ಗುಂಡು ಎಡವದೆ ಏರಲಿ ಎಂದು. ವೈರಿಂಗಿನ ಕೇಸಿಂಗ್ ಪಟ್ಟಿಯನ್ನು ಬಗ್ಗಿಸಿ ಇಳಿಜಾರು ಮಾಡಿದೆವು. ಗ್ಯಾರೇಜಿನಿಂದ ತಂದ ಬೇರಿಂಗ್ ಗುಂಡಿಗೆ ಸೀಮೆಸುಣ್ಣದ ಪುಡಿ ಮೆತ್ತಿ ಬಿಟ್ಟರೆ ಅರಗಿನ ಮೇಲೆ ಬೆಳ್ಳಗೆ ಜಾಡು ಬೀಳುತ್ತದೆ. ಪ್ಲೈವುಡ್ಡಿನಿಂದ 2 ಸೆಂ.ಮೀ. ಮೇಲಿಂದ, ಅಂದರೆ ಗುಡ್ಡದ ಬುಡದಿಂದ ಲೆಕ್ಕ ಹಾಕಿದರೆ 3ರ ಎತ್ತರದಿಂದ, ನೇರ ನಡುವಿಗೆ ಗುರಿಯಿಟ್ಟು ಬಿಟ್ಟ ಗುಂಡು 3ರ ಪಟ್ಟೆ ಹತ್ತಿರ ಉಸಿರುಗಟ್ಟಿ ನಿಂತು ವಾಪಸ್ ಉರುಳುತ್ತದೆ. ನಡುವಿಗೆ ಇನ್ನೂ 4 ಸೆಂ.ಮೀ. ಬಾಕಿ ಇರುತ್ತದೆ. ಘರ್ಷಣೆಯಿಂದಾಗಿ ಸ್ವಲ್ಪ ಮೊದಲೇ ನಿಲ್ಲುತ್ತದೆ, ಇರಲಿ. ಗುರಿ ಸ್ವಲ್ಪ ಪಕ್ಕಕ್ಕೆ ಸರಿದರೆ ಓರೆಯಾಗಿ ಹಾಯ್ದು ಹೊರಳುತ್ತದೆ. ಇನ್ನೂ ಸರಿದರೆ ಅಂಚಿನಲ್ಲಿ ಕೊಂಚ ಬಾಗಿ ತನ್ನ ಪಾಡಿಗೆ ಹೋಗುತ್ತದೆ. ವಾಪಸ್ ಬರಬೇಕಾದರೆ ನಡುವಿನ ಕಿರಿದಾದ ಪಟ್ಟಿಯೊಳಗೇ ಗುರಿ ಬೀಳಬೇಕು. ದೊಡ್ಡ ಕೋನಕ್ಕೆ ಹೋಗುವವು ಯಾಕೆ ಕಡಿಮೆ ಎಂದು ಆಮೇಲೆ ಯಾರೂ ಕೇಳಲಿಲ್ಲ.

ಈ ಗುಡ್ಡದ ಆಕಾರದಿಂದಲೇ ಒಂದು ಕರಾರುವಾಕ್ಕಾದ ಭವಿಷ್ಯ ಹೊರಡುತ್ತದೆ. ಕೋನದ ಅರ್ಧಕ್ಕೆ ಸೈನ್ ತೆಗೆದು, ಅದರ ನಾಲ್ಕನೇ ಘಾತ ಹಾಕಿ, ತಲೆಕೆಳಗು ಮಾಡಿ. ಪರದೆಯ ಮೇಲೆ ಒಂದೇ ಅಳತೆಯ ಜಾಗದಲ್ಲಿ ಕಾಣುವ ಮಿಣುಕುಗಳು ಆ ಸಂಖ್ಯೆಯ ಪ್ರಮಾಣದಲ್ಲಿರಬೇಕು. ಬೇರೆ ಆಕಾರದ ಗುಡ್ಡವಾದರೆ ಬೇರೆ ಪಟ್ಟಿ. ಪರಮಾಣುವಿನ ನಡುವೆ ಇರುವುದು ಬರೀ ಗಟ್ಟಿ ಗೋಲಿಯಾಗಿದ್ದು ಕಣಗಳು ಅದಕ್ಕೆ ಬಡಿದು ಪುಟಿಯುತ್ತಿದ್ದರೆ ಎಲ್ಲ ಕೋನಗಳಲ್ಲೂ ಮಿಣುಕು ಸಮಸಮ ಇರಬೇಕಿತ್ತು. ಆಗಲೂ ವಾಪಸ್ ಬರುವ ಕಣ ಇದ್ದೇ ಇರುತ್ತದೆ! ಅದಕ್ಕೇ ನಾನು ಹೇಳುವುದು, ವಾಪಸ್ ಬಂದದ್ದು ಒಂದರಿಂದಲೇ ಏನೂ ತೀರ್ಮಾನ ಆಗುವುದಿಲ್ಲ ಎಂದು.

ಹಾಗಾಗಿ ಗೈಗರ್ ಮತ್ತು ಮಾರ್ಸ್‌ಡೆನ್ ಮತ್ತೆ ಕತ್ತಲಿಗೆ ಹೋದರು. ಈ ಸಲದ ಉಪಕರಣ ಒಂದು ಲೋಹದ ದುಂಡು ಪೆಟ್ಟಿಗೆ, ಒಳಗಿನ ಗಾಳಿ ಹೀರಿ ತೆಗೆದದ್ದು. ನಡುವೆ ರೇಕು ಮತ್ತು ಆಲ್ಫಾ ಮೂಲ ಕದಲದಂತೆ ನಿಂತಿರುತ್ತವೆ. ಪೆಟ್ಟಿಗೆಯೂ ಅದಕ್ಕೆ ಕಚ್ಚಿಸಿದ ಮೈಕ್ರೋಸ್ಕೋಪೂ ಪರದೆಯೂ ಸುತ್ತ ತಿರುಗುತ್ತವೆ. ಆಲ್ಫಾ ಮೂಲ ಎಂದರೆ ರೇಡಿಯಂನಿಂದ ಹೊರಡುವ ಅನಿಲ, ಇವತ್ತಿನ ಹೆಸರಿನಲ್ಲಿ ರೇಡಾನ್. ಅದರ ಅರ್ಧಾಯು 3.8 ದಿನ. ಸೋಮವಾರ ಎಣಿಸಿದ್ದನ್ನು ಶುಕ್ರವಾರದ ಎಣಿಕೆಗೆ ನೇರ ಹೋಲಿಸುವ ಹಾಗಿಲ್ಲ, ಅಷ್ಟರಲ್ಲಿ ಮೂಲವೇ ಅರ್ಧ ಸೊರಗಿರುತ್ತದೆ. ಪ್ರತಿ ಎಣಿಕೆಗೂ ತಿದ್ದುಪಡಿ ಬೇಕು. ಅಂದಹಾಗೆ ಆ ರೇಡಿಯಂ ಮ್ಯಾಂಚೆಸ್ಟರಿನದಲ್ಲ, ವಿಯೆನ್ನಾದ ವಿಜ್ಞಾನ ಅಕಾಡೆಮಿ ಸಾಲ ಕೊಟ್ಟದ್ದು.

1913ರಲ್ಲಿ ಅವರು ಅಚ್ಚು ಹಾಕಿಸಿದ ಚಿನ್ನದ ಪಟ್ಟಿಯಿಂದ ಕೆಲವು ಸಾಲು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. 150 ಡಿಗ್ರಿಯಲ್ಲಿ ನಿಮಿಷಕ್ಕೆ 33.1 ಮಿಣುಕು. 120ರಲ್ಲಿ 51.9. 60ರಲ್ಲಿ 477. 30ರಲ್ಲಿ 7,800. 15ರಲ್ಲಿ 1,32,000. "ನಿಮಿಷಕ್ಕೆ ಒಂದು ಲಕ್ಷ ಮೂವತ್ತೆರಡು ಸಾವಿರ ಎಣಿಸಿದ್ರಾ ಸಾರ್?" ಎಂದು ಒಬ್ಬ ಹುಡುಗಿ ಕೇಳಿದಳು, ಒಳ್ಳೆಯ ಪ್ರಶ್ನೆ. ಇಲ್ಲ. ಚಿಕ್ಕ ಕೋನಗಳಿಗೆ ಮೂಲ ಸೊರಗುವವರೆಗೆ ಕಾದು, ಎಣಿಸುವಷ್ಟು ಮಿಣುಕು ಬಂದಾಗ ಎಣಿಸಿ, ಆಮೇಲೆ ಎಲ್ಲವನ್ನೂ ಒಂದೇ ಬಲದ ಮೂಲಕ್ಕೆ ಸರಿಹೊಂದಿಸಿ ಬರೆದ ಅಂಕಿ ಅದು.

ಈಗ 60 ಡಿಗ್ರಿಯನ್ನು ನೀವೇ ಮಾಡಿ ನೋಡಿ. ಅರ್ಧ 30, ಸೈನ್ 30 ಅಂದರೆ ಅರ್ಧ, ಅದರ ನಾಲ್ಕನೇ ಘಾತ ಹದಿನಾರನೇ ಒಂದು, ತಲೆಕೆಳಗು ಮಾಡಿದರೆ 16. ಎಣಿಸಿದ 477ನ್ನು 16ರಿಂದ ಭಾಗಿಸಿದರೆ 29.8. ಇದೇ ಭಾಗಾಕಾರ 150 ಡಿಗ್ರಿಗೆ 28.8 ಕೊಡುತ್ತದೆ, 120ಕ್ಕೆ 29.0, 30ಕ್ಕೆ 35.0, 15ಕ್ಕೆ 38.4. ಮಿಣುಕಿನ ಸಂಖ್ಯೆ ಸುಮಾರು ನಾಲ್ಕು ಸಾವಿರ ಪಟ್ಟು ಬದಲಾದರೂ ಭಾಗಲಬ್ಧ ಮಾತ್ರ 28, 38ರ ಆಚೀಚೆ ಅಲ್ಲೇ ಸುತ್ತುತ್ತದೆ. ಮೈಕ್ರೋಸ್ಕೋಪಿಗೆ ಕಣ್ಣು ಕೀಲಿಸಿ, ಕತ್ತಲಲ್ಲಿ, ಕೈ ಎಣಿಕೆಯಲ್ಲಿ! ಬೆಳ್ಳಿಗೂ ಇದೇ ಕಥೆ. ರೇಕಿನ ದಪ್ಪ ಬದಲಿಸಿ ನೋಡಿದರು, ಕಣದ ವೇಗ ಬದಲಿಸಿ ನೋಡಿದರು, ಲೋಹ ಬದಲಿಸಿ ನೋಡಿದರು. ಎಲ್ಲ ಸೇರಿ ಲಕ್ಷಕ್ಕೂ ಮೀರಿದ ಮಿಣುಕು. ಕೊನೆಗೆ ನಡುವಿನ ಆವೇಶ ಪರಮಾಣು ತೂಕದ ಸುಮಾರು ಅರ್ಧದಷ್ಟು ಎಂಬುದೂ ಹೊರಬಿತ್ತು. ಹೆನ್ರಿ ಮೋಸ್ಲಿ ಎಕ್ಸ್-ರೇಗಳಿಂದ ಅದೇ ವಿಷಯಕ್ಕೆ ಇನ್ನೊಂದು ದಾರಿಯಲ್ಲಿ ಬಂದದ್ದೂ 1913ರಲ್ಲೇ. ಎರಡು ವರ್ಷಕ್ಕೆ ಅವನು ಗ್ಯಾಲಿಪೊಲಿಯ ಯುದ್ಧದಲ್ಲಿ ಸತ್ತ, 27ನೇ ವಯಸ್ಸಿಗೆ. ಗೈಗರ್ ಜರ್ಮನ್ ಫಿರಂಗಿ ಪಡೆ ಸೇರಿದ, ಮಾರ್ಸ್‌ಡೆನ್ ಎದುರು ಪಕ್ಷದ ಸೇನೆಗೆ. ಒಂದೇ ಪೆಟ್ಟಿಗೆಯೊಳಗೆ ಇಣುಕಿದ ಇಬ್ಬರು.

ಒಂದು ವಿಷಯ ಮಕ್ಕಳಿಗೆ ಹೇಳಿದರೆ ನಂಬುವುದೇ ಇಲ್ಲ. ನಡುವಿನ ಆವೇಶ ಧನವೋ ಋಣವೋ ಎಂಬುದನ್ನು 1911ರ ಪ್ರಬಂಧ ಇತ್ಯರ್ಥ ಮಾಡಲಿಲ್ಲ. ಸೂತ್ರದಲ್ಲಿ ಆವೇಶದ ವರ್ಗ ಬರುತ್ತದೆ, ಚಿಹ್ನೆ ಅಳಿಸಿಹೋಗುತ್ತದೆ. ನಮ್ಮ ಗುಡ್ಡದ ಬದಲು ಅದೇ ಆಕಾರದ ಗುಂಡಿ ತೋಡಿದ್ದರೂ ಗುಂಡು ಅದರ ಸುತ್ತ ಧೂಮಕೇತುವಿನಂತೆ ಬಳಸಿ ಅಷ್ಟೇ ಕೋನಕ್ಕೆ ಹೊರಡುತ್ತಿತ್ತು. 'ನ್ಯೂಕ್ಲಿಯಸ್' ಎಂಬ ಪದವೂ ಆ ಪ್ರಬಂಧದಲ್ಲಿಲ್ಲ, ಅದು ಬಂದದ್ದು ಮರುವರ್ಷ. 1911ರ ಕೊನೆಗೆ ಬ್ರಸೆಲ್ಸಿನಲ್ಲಿ ಭೌತವಿಜ್ಞಾನಿಗಳ ಮೊದಲ ಸಾಲ್ವೆ ಸಮ್ಮೇಳನ ನಡೆದಾಗ ರದರ್‌ಫರ್ಡ್ ಅಲ್ಲೇ ಕೂತಿದ್ದರೂ ಈ ಹೊಸ ಪರಮಾಣುವಿನ ಚರ್ಚೆ ಆಗಲಿಲ್ಲ. ನೀಲ್ಸ್ ಬೋರ್ 1912ರಲ್ಲಿ ಮ್ಯಾಂಚೆಸ್ಟರಿಗೆ ಬಂದು ಅದನ್ನು ಗಂಭೀರವಾಗಿ ಹಿಡಿದ ಮೇಲೆಯೇ ಗಾಳಿ ತಿರುಗಿದ್ದು.

ಚಪ್ಪಟೆ ತುದಿ ನೆನಪಿದೆಯಲ್ಲ? ಗುಂಡನ್ನು ಎಲ್ಲಿಯವರೆಗೆ 8 ಸೆಂ.ಮೀ.ಗಿಂತ ಕೆಳಗಿನಿಂದ ಬಿಡುತ್ತೇವೋ ಅಲ್ಲಿಯವರೆಗೆ ಅದಕ್ಕೆ ಗುಡ್ಡದ ತುದಿ ಚಪ್ಪಟೆಯೋ ಚೂಪೋ ತಿಳಿಯುವ ದಾರಿಯೇ ಇಲ್ಲ. ಜಾಡುಗಳೆಲ್ಲ ಚೂಪು ಗುಡ್ಡದ ಲೆಕ್ಕಕ್ಕೇ ಸರಿಹೊಂದುತ್ತವೆ. ರದರ್‌ಫರ್ಡ್ ಕೂಡ ಅಷ್ಟೇ ಹೇಳಿದರು: ಚಿನ್ನದ ಆವೇಶ 100 ಎಂದುಕೊಂಡರೆ ಆಲ್ಫಾ ಕಣ ನಡುವಿಗೆ 34 ಫೆಮ್ಟೋಮೀಟರಿನಷ್ಟು (ಒಂದು ಫೆಮ್ಟೋಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಹತ್ತಿರ ಹೋಗಿ ತಿರುಗುತ್ತದೆ, ಅಂದರೆ ಆವೇಶ ಅದಕ್ಕಿಂತ ಒಳಗೆಲ್ಲೋ ಅಡಗಿದೆ. ಅದು ನ್ಯೂಕ್ಲಿಯಸ್ಸಿನ ಗಾತ್ರವಲ್ಲ, ಅದಕ್ಕೆ ಹಾಕಿದ ಬೇಲಿ. ನಮ್ಮ ಮಕ್ಕಳು "ಸಮೀಪತಮ ದೂರ ಅಂದ್ರೆ ತ್ರಿಜ್ಯ" ಎಂದು ಬರೆದು ಮಾರ್ಕು ಕಳೆದುಕೊಳ್ಳುವುದು ಇಲ್ಲೇ. ಇವತ್ತು ನಮಗೆ ಗೊತ್ತಿರುವಂತೆ ಚಿನ್ನದ ನ್ಯೂಕ್ಲಿಯಸ್ಸಿನ ತ್ರಿಜ್ಯ ಸುಮಾರು 7 ಫೆಮ್ಟೋಮೀಟರ್.

ತುದಿಯನ್ನು ಮುಟ್ಟಬೇಕಾದರೆ ಒಂದೋ ಗುಂಡು ಜೋರಾಗಿ ಬರಬೇಕು, ಇಲ್ಲವೇ ಗುಡ್ಡ ತಗ್ಗಾಗಿರಬೇಕು. ತಗ್ಗಿನ ಗುಡ್ಡ, ಅಂದರೆ ನಡುವಿನ ಆವೇಶ ಕಡಿಮೆ ಇರುವ ಪರಮಾಣು, ಮೊದಲು ಸಿಕ್ಕಿತು. 1919ರಲ್ಲಿ ಆಲ್ಫಾ ಕಣಗಳನ್ನು ಹೈಡ್ರೋಜನ್ ಮೇಲೆ ಬಿಟ್ಟಾಗ ರದರ್‌ಫರ್ಡ್‌ಗೆ ತಮ್ಮದೇ ಸೂತ್ರ ತಪ್ಪುವುದು ಕಂಡಿತು. 1921ರಲ್ಲಿ ಚಾಡ್ವಿಕ್ ಮತ್ತು ಬೀಲರ್ ಅದನ್ನು ಇನ್ನೂ ಚೊಕ್ಕವಾಗಿ ಅಳೆದರು. ಲೆಕ್ಕ ತಪ್ಪಿದ್ದು ಸಂತೋಷದ ಸುದ್ದಿ. ಅಲ್ಲಿಂದಾಚೆಗೆ ವಿದ್ಯುತ್ ಬಲವಲ್ಲದ ಬೇರೊಂದು ಬಲ ಶುರುವಾಗುತ್ತದೆ ಎಂದರ್ಥ. ಇದೇ ಚಾಡ್ವಿಕ್, 1911ರ ಹಾವಿನ ಸಭೆಯಲ್ಲಿ ವಿದ್ಯಾರ್ಥಿಯಾಗಿ ಕೂತಿದ್ದವನು, 1920ರಲ್ಲಿ ಚದುರಿಕೆಯಿಂದಲೇ ತಾಮ್ರ, ಬೆಳ್ಳಿ, ಪ್ಲಾಟಿನಂಗಳ ಆವೇಶ ಅಳೆದಿದ್ದ: 29.3, 46.3, 77.4. ಆವರ್ತ ಕೋಷ್ಟಕ ತೆಗೆದು ನೋಡಿ: 29, 47, 78.

ಜೋರಿನ ಗುಂಡು ಬರಲು 1950ರ ದಶಕ ಆಗಬೇಕಾಯಿತು. ಸ್ಟ್ಯಾನ್‌ಫರ್ಡಿನಲ್ಲಿ ರಾಬರ್ಟ್ ಹಾಫ್‌ಸ್ಟ್ಯಾಡ್ಟರ್ ಆಲ್ಫಾ ಬಿಟ್ಟು ವೇಗದ ಎಲೆಕ್ಟ್ರಾನುಗಳನ್ನು ಹೊಡೆದು, ನ್ಯೂಕ್ಲಿಯಸ್ಸಿಗೆ ಚೊಕ್ಕ ಅಂಚಿಲ್ಲ, ಅದು ಕ್ರಮೇಣ ತೆಳುವಾಗುತ್ತಾ ಮುಗಿಯುತ್ತದೆ ಎಂದು ತೋರಿಸಿದರು. ಪ್ರೋಟಾನಿಗೂ ಗಾತ್ರ ಇದೆ ಎಂದು ಅಳೆದದ್ದೂ ಅವರೇ. 1961ರಲ್ಲಿ ನೊಬೆಲ್ ಬಂತು. ಅದೇ ಊರಿನಲ್ಲಿ ಮೂರು ಕಿಲೋಮೀಟರ್ ಉದ್ದದ ಎಲೆಕ್ಟ್ರಾನ್ ಯಂತ್ರ ಎದ್ದ ಮೇಲೆ, 1960ರ ದಶಕದ ಕೊನೆಗೆ ಫ್ರೀಡ್‌ಮನ್, ಕೆಂಡಾಲ್, ಟೇಲರ್ ಮತ್ತವರ ಸಂಗಡಿಗರು ಪ್ರೋಟಾನಿನ ಒಳಕ್ಕೇ ಗುರಿಯಿಟ್ಟರು. ದೊಡ್ಡ ಕೋನಕ್ಕೆ ಬೆರಳೆಣಿಕೆಯಷ್ಟು ಬರಬಹುದು ಎಂದು ಎಣಿಸಿದ್ದಲ್ಲಿ ತುಂಬಾ ಹೆಚ್ಚು ಬಂದವು. ಮ್ಯಾಂಚೆಸ್ಟರಿನ ವಾದವೇ ಮತ್ತೆ: ಒಳಗೆ ಚಿಕ್ಕ, ಗಟ್ಟಿ ಬಿಂದುಗಳಿವೆ. ಅವೇ ಕ್ವಾರ್ಕುಗಳು. ಈ ಮೂವರಿಗೆ ನೊಬೆಲ್ ಬಂದದ್ದು 1990ರಲ್ಲಿ.

ನಿಮ್ಮ ಕಾಲೇಜಿಗೂ ಇಂಥ ಗುಡ್ಡ ಬೇಕಿದ್ದರೆ ಮೇಲೆ ಕೊಟ್ಟ ಅಳತೆ ಸಾಕು. 24 ಸೆಂ.ಮೀ. ಅಡ್ಡಗಲ, ಒಣಗಿದ ಹಲಗೆ. ಹಸಿ ಮರವಾದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಗುಂಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗುಂಡು ಗಾಜಿನದಕ್ಕಿಂತ ಉಕ್ಕಿನದೇ ಒಳ್ಳೆಯದು. ಗುಂಡನ್ನು ಕೈಯಿಂದ ತಳ್ಳಲು ಬಿಡಬೇಡಿ, ಇಳಿಜಾರಿನಿಂದಲೇ ಬಿಡಿಸಿ. ವೇಗ ಒಂದೇ ಇರದಿದ್ದರೆ ಪಟ್ಟಿ ಕೂಡುವುದಿಲ್ಲ. ಬಣ್ಣದ ಪಟ್ಟೆ ಮರೆಯದೆ ಹಾಕಿಸಿ. ಕಟೆಯುವವರು ತುದಿ ಚೂಪು ಮಾಡಲಾಗುವುದಿಲ್ಲ ಎಂದರೆ ಒತ್ತಾಯ ಮಾಡಬೇಡಿ, ಚಪ್ಪಟೆಯಾಗಿಯೇ ಬಿಡಲಿ. ಇಳಿಜಾರನ್ನು ಮಾತ್ರ ಒಂಬತ್ತು ಸೆಂಟಿಮೀಟರಿಗಿಂತ ಎತ್ತರಕ್ಕೆ ಕಟ್ಟಿಕೊಳ್ಳಿ.